ಕ್ಯಾಂಪಿಗೆ ಬಂದ ಒಬ್ಬನೇ ಗಂಡಸು

"ಇನ್ನು ನಿನ್ನನ್ನ ಆ ಬಾಗಿಲೊಳಕ್ಕೆ ಕಳಿಸಲ್ಲ ಕಣೇ. ಆಪರೇಷನ್ ಅಂತ ಏನಿದ್ರೂ ನಾನ್ ಮಾಡಿಸ್ಕೊತೀನಿ" ಎಂದು ಓಂಕಾರೇಶ ಹೆಂಡತಿಗೆ ಮಾತು ಕೊಟ್ಟು ನಾಲ್ಕು ವರ್ಷದ ಮೇಲಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ, ಮಗ ಹುಟ್ಟಿದ ಮಾರನೇ ದಿನ ಕೊಟ್ಟ ಮಾತು ಅದು. ಪ್ರತಿಮಾಳ ಮೂಗಿಗೆ ಆಕ್ಸಿಜನ್ ಪೈಪು ಹಾಕಿದ್ದರು. ಮಾತಾಡುವ ಹಾಗಿರಲಿಲ್ಲ. ಕೇಳಿಸಿತು ಎನ್ನುವುದಕ್ಕೆ ಅವನ ಹೆಬ್ಬೆರಳನ್ನು ಒತ್ತಿ ಹಿಡಿದಿದ್ದಳು.

ಇವತ್ತು ಅವನು ತರೀಕೆರೆಯ ಆಸ್ಪತ್ರೆಯ ವರಾಂಡದಲ್ಲಿ, ಹಸಿರು ಗೌನು ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಕೂತಿದ್ದ. ಗೌನು ಯಾರೋ ಸಣ್ಣ ಹೆಂಗಸಿನ ಅಳತೆಯದು. ತೆಂಗಿನ ಮರಕ್ಕೆ ಉಜ್ಜಿ ಉಜ್ಜಿ ಕಪ್ಪಾದ ಮುಂಗೈ, ಮೊಣಕಾಲು ಎಲ್ಲ ಹೊರಗೇ ಇದ್ದವು. ಅವನು ಗೌನಿನ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದ, ಅದು ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಪ್ರತಿಮಾ ಅವನ ಪ್ಯಾಂಟು ಷರ್ಟು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಹಿರೇನಲ್ಲೂರು ಕಡೆಯ ಅವರ ಊರಿಗೆ ಕಡೂರಿನ ಆಸ್ಪತ್ರೆಯೇ ಹತ್ತಿರ. ಆದರೆ ಕಡೂರಿನಲ್ಲಿ ಎಲ್ಲರೂ ಗುರುತಿನವರು, ಬೇಡವೇ ಬೇಡ ಎಂದು ಓಂಕಾರೇಶ ಹಟ ಹಿಡಿದಿದ್ದ. ಅದಕ್ಕೇ ಬೀರೂರಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಇಲ್ಲಿಗೆ ಬಂದಿದ್ದರು.

ಗುರುತಿನವರು ಯಾರೂ ಇರಲಿಲ್ಲ, ನಿಜ. ಆದರೆ ವರಾಂಡದ ತುಂಬ ಹೆಂಗಸರಿದ್ದರು. ಎಲ್ಲರೂ ಮಕ್ಕಳಾಗದ ಆಪರೇಷನ್ನಿನ ಕ್ಯಾಂಪಿಗೆ ಬಂದವರು. ಗೋಡೆಗೆ ಒರಗಿ, ಕಾಲು ಚಾಚಿ, ಜೊತೆಗೆ ಬಂದ ತಮ್ಮ ತಾಯಂದಿರ ಮಡಿಲಲ್ಲಿ ಎಳೆಕೂಸುಗಳನ್ನು ಬಿಟ್ಟು, ಅದೇ ಹಸಿರು ಗೌನಿನಲ್ಲಿ ಸಾಲಾಗಿ ಕೂತಿದ್ದರು. ಬಂದ ಹೊಸದರಲ್ಲಿ ಅವರು ಓಂಕಾರೇಶನನ್ನು ನೋಡಿಯೂ ನೋಡದಂತಿದ್ದರು. ಬಿಸಿಲು ವರಾಂಡದೊಳಕ್ಕೆ ಬರುವ ಹೊತ್ತಿಗೆ ಆ ಸಂಕೋಚ ಕರಗಿತ್ತು.

"ಆ ಅಣ್ಣ ದಾರಿ ತಪ್ಪಿ ಇಲ್ಲಿ ಕೂತವ್ರೆ ಅನ್ಸುತ್ತೆ, ಯಾರಾದ್ರೂ ಹೇಳ್ರಿ. ಹಲ್ಲಿನ ಡಾಕ್ಟ್ರು ಆ ಕಡೆ ರೂಮು" ಎಂದಳು ಅಜ್ಜಂಪುರ ಕಡೆಯ ಒಬ್ಬ ಚೂಟಿ ಹುಡುಗಿ.

"ದಾರಿ ತಪ್ಪಿಲ್ಲಮ್ಮ. ಅವ್ರೂ ನಿಮ್ ಸಾಲೇ" ಎಂದು ನರ್ಸು ಬಾಟಲಿ ಹಿಡಿದುಕೊಂಡು ದಾಟಿ ಹೋದಳು.

"ಅಯ್ಯೋ ಶಿವನೇ! ಹೌದಾ? ಒಂದ್ ಫೋಟೋ ಹೊಡ್ಕೊಳ್ಳಾ ಅಣ್ಣ? ನಮ್ ಮನೆಯೋರಿಗೆ ಕಳಿಸ್ತೀನಿ. ಇಂಥೋರೂ ಭೂಮಿ ಮೇಲೆ ಅವ್ರೆ, ಕಣ್ಬಿಟ್ಟು ನೋಡ್ರಿ ಅಂತ."

ಸಾಲು ಪೂರ್ತಿ ನಕ್ಕಿತು. ಮಗಳ ಜೊತೆ ಬಂದಿದ್ದ ಜವರಮ್ಮ ಎನ್ನುವ ವಯಸ್ಸಾದ ಹೆಂಗಸು ಮಾತ್ರ ಗದರಿದಳು. "ಮುಚ್ಚೇ ಬಾಯಿ, ಬಾಯಿಬಡ್ಕಿ. ಮಾಡ್ಸಕ್ಕೆ ಬಂದಿರೋನೇ ಒಬ್ಬ, ಅವ್ನನ್ನೂ ಓಡಿಸ್ಬೇಡ." ಆಮೇಲೆ ಪ್ರತಿಮಾಳ ಕಡೆ ತಿರುಗಿ, "ಪುಣ್ಯ ಮಾಡಿದೀಯ ಕಣವ್ವ" ಎಂದಳು.

ಪ್ರತಿಮಾ ನಗಲು ನೋಡಿದಳು, ಆಗಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ನಗುತ್ತಿದ್ದರು, ಅದು ಅವಳಿಗೆ ಗೊತ್ತಿತ್ತು. ಆದರೆ ಒಂದೊಂದು ನಗುವಿಗೂ ಓಂಕಾರೇಶ ಬೆಂಚಿನ ಮೇಲೆ ಹೊರಗಿನ ಮೆಟ್ಟಿಲ ಕಡೆಗೆ ಒಂದಿಷ್ಟು ಸರಿದಂತೆ ಅನ್ನಿಸುತ್ತಿತ್ತು. ಇವರ ಬಾಯಿ ಕಟ್ಟಿಸುವುದು ಹೇಗೆ, ಡಾಕ್ಟರು ಬೇಗ ಕರೆಯಬಾರದೇ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

ಅವಳ ಹಾರ್ಟಿನ ಒಂದು ವಾಲ್ವು ಸರಿಯಿರಲಿಲ್ಲ. ಮಗಳು ಅಕ್ಷತಾ ಹುಟ್ಟುವಾಗ ಅದು ಗೊತ್ತಾಗಿತ್ತು, ಮಗ ಹುಟ್ಟುವಾಗ ಜೀವಕ್ಕೇ ಬಂದಿತ್ತು. ಎರಡನೇ ಸಲ ಹೊಟ್ಟೆ ಕುಯ್ದಾಗಲೇ ಮಕ್ಕಳಾಗದ ಹಾಗೂ ಮಾಡಿಬಿಡಬೇಕೆಂದಿತ್ತು. ನಡುವೆ ಉಸಿರು ಸಿಕ್ಕಿಕೊಂಡು, ಡಾಕ್ಟರು ಮೊದಲು ತಾಯಿ ಹೊರಗೆ ಬರಲಿ ಎಂದು ಗಡಿಬಿಡಿಯಲ್ಲಿ ಹೊಲಿಗೆ ಹಾಕಿದ್ದರು. ಆಮೇಲೆ ಅವರು ಹೇಳಿದ್ದು ಎರಡೇ ಮಾತು. ಇವರಿಗೆ ಮತ್ತೆ ಮತ್ತು ಕೊಟ್ಟು ಆಪರೇಷನ್ ಮಾಡುವುದು ಅಪಾಯ. ಮತ್ತೆ ಬಸುರಾಗುವುದು ಅದಕ್ಕಿಂತ ಅಪಾಯ. ಕಾಪರ್ ಟಿ ಹಾಕಿಸಿದಳು. ರಕ್ತ ನಿಲ್ಲದೆ ತೆಗೆಸಬೇಕಾಯಿತು. ಮಾತ್ರೆ ಅವಳ ಹಾರ್ಟಿಗೆ ಆಗುವುದಿಲ್ಲ. ಆಶಾ ಕಾರ್ಯಕರ್ತೆ ಯಶೋದಕ್ಕ ತಂದುಕೊಟ್ಟ ನಿರೋಧ್ ಪೊಟ್ಟಣಗಳು ಟ್ರಂಕಿನಲ್ಲಿದ್ದವು. ಓಂಕಾರೇಶ ಒಂದು ಸಲ ನೆನಪಿಟ್ಟರೆ ಇನ್ನೊಂದು ಸಲ, "ಹೋಗ್ಲಿ ಬಿಡೇ, ಏನಾಗಲ್ಲ" ಎನ್ನುತ್ತಿದ್ದ.

ಏನಾಗಲ್ಲ ಎಂದ ಮೇಲೆ ಅವಳ ದಿನಗಳು ಬೇರೆಯಾಗಿಬಿಡುತ್ತಿದ್ದವು. ಮುಟ್ಟಾದಾಗ ಹೊರಗೆ ಕೂರುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ಲಿಂಗ ಕಟ್ಟಿದ ಮೈಗೆ ಮೈಲಿಗೆಯಿಲ್ಲ ಎನ್ನುವ ಮನೆ ಅದು. ಹಾಗಾಗಿ ಅವಳು ಮುಟ್ಟಾದಳೋ ಇಲ್ಲವೋ ಎನ್ನುವುದು ಮನೆಯಲ್ಲಿ ಇನ್ನೊಂದು ಜೀವಕ್ಕೆ ತಿಳಿಯುತ್ತಿರಲಿಲ್ಲ. ಹಿಟ್ಟು ನಾದುತ್ತ, ಹಾಲು ಕರೆಯುತ್ತ, ಮಗಳಿಗೆ ಜಡೆ ಹಾಕುತ್ತ ಅವಳೊಬ್ಬಳೇ ಹೆದರುತ್ತಿದ್ದಳು. ಹೋದ ಮಳೆಗಾಲದಲ್ಲಿ ತುಂಬ ದಿನ ತಡವಾಗಿತ್ತು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಕಲೆ ಕಂಡಾಗ ಗೋಡೆ ಹಿಡಿದುಕೊಂಡು ಕೂತುಬಿಟ್ಟಿದ್ದಳು. ಹೊರಗಿನಿಂದ ಅತ್ತೆ ಶಂಕರಮ್ಮ, "ನೀರು ಹಂಗೇ ಹರೀತಾ ಐತಲ್ಲೇ" ಎಂದು ಕೂಗಿದ್ದಳು.

ಅದಾದ ಮೇಲೆ ಪ್ರತಿಮಾ ಕೊಟ್ಟ ಮಾತನ್ನು ನೆನಪಿಸಿದಳು. ಓಂಕಾರೇಶ ಇಲ್ಲ ಎನ್ನಲಿಲ್ಲ. ಕಾಯಿ ಕೀಳುವ ಕೆಲಸ ಮುಗೀಲಿ ಎಂದ, ಶ್ರಾವಣ ಕಳೀಲಿ ಎಂದ, ದೀಪಾವಳಿ ಆಗ್ಲಿ ಎಂದ. ಯಶೋದಕ್ಕ ಎರಡು ಸಲ ಮನೆಗೆ ಬಂದುಹೋದದ್ದು ಯಾತಕ್ಕೆಂದು ಹೇಗೋ ಊರಿಗೆ ತಿಳಿಯಿತು. ತೆಂಗಿನಕಾಯಿ ವ್ಯಾಪಾರದ ಕಲ್ಲೇಶ ಟೀ ಅಂಗಡಿಯಲ್ಲಿ ಎಲ್ಲರೆದುರಿಗೇ, "ಲೇ ಓಂಕಾರಿ, ಎತ್ತಿಗೆ ಬೀಜ ಒಡೆಸಿದ್ರೆ ನೇಗಿಲಿಗಾದ್ರೂ ಬತ್ತೈತೆ. ನಿನ್ನ ಒಡೆಸಿದ್ರೆ ಮರಕ್ಕೂ ಬರಲ್ಲ ಕಣೋ" ಎಂದಿದ್ದ. ಮರ ಹತ್ತುವುದೇ ಓಂಕಾರೇಶನ ಅನ್ನ. ಯಂತ್ರ ಇಲ್ಲದೆ, ಬರೀ ಕಾಲಿಗೆ ಬಳೆಹಗ್ಗ ಹಾಕಿಕೊಂಡು ಹತ್ತುವವನು ಸುತ್ತಿನ ಊರುಗಳಲ್ಲಿ ಅವನೊಬ್ಬನೇ ಉಳಿದಿದ್ದ. ತೊಡೆಯ ಕಸುವು ಹೋದರೆ ಅರ್ಧ ಮರದಲ್ಲಿ ಏನು ಮಾಡುವುದು ಎಂದು ಅವನು ನಿಜವಾಗಿಯೂ ಹೆದರಿದ್ದ. ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಮೊದಲು ಕೇಳಿದ್ದೇ ಅದನ್ನು. ಡಾಕ್ಟರು ಪೆನ್ನು ಕೆಳಗಿಟ್ಟು, "ಬೀಜ ಮುಟ್ಟೋದೇ ಇಲ್ಲ ಕಣಪ್ಪ, ಅದು ಎತ್ತಿನ ಕಥೆ. ಇಲ್ಲಿ ದಾರದಂಥ ಎರಡು ನಾಳ, ಅಷ್ಟೇ. ಕಸುವು ಎಲ್ಲೂ ಹೋಗಲ್ಲ. ಒಂದೆರಡು ವಾರ ಸುಮ್ನಿರು, ಆಮೇಲೆ ಎಷ್ಟ್ ಮರ ಬೇಕಾದ್ರೂ ಹತ್ತು" ಎಂದು ಬಿಡಿಸಿ ಹೇಳಿದ್ದರು. ಓಂಕಾರೇಶ ತಲೆಯಾಡಿಸಿ, ತಾನೇ ಕೈಚಾಚಿ ಗೌನು ಇಸಿದುಕೊಂಡಿದ್ದ.

ಅವನ ಫೋನು ಹೊಡೆದುಕೊಂಡಿತು. ಅದರ ಕಿವಿಯ ಸ್ಪೀಕರು ಕೆಟ್ಟು ವರ್ಷವಾಗಿತ್ತು. ಯಾರು ಮಾಡಿದರೂ ಲೌಡ್‌ಸ್ಪೀಕರಿನಲ್ಲೇ ಮಾತಾಡಬೇಕು.

"ಎಲ್ಲಿದೀಯೋ?" ಶಂಕರಮ್ಮನ ದನಿ ವರಾಂಡಕ್ಕೆಲ್ಲ ಕೇಳಿಸಿತು.

"ಇಲ್ಲೇ ಕಣವ್ವ."

"ಒಳಕ್ಕೋಗ್ಲಿಲ್ಲ ತಾನೆ ಇನ್ನೂ?"

"ಇಲ್ಲ. ಆಮೇಲ್ ಫೋನ್ ಮಾಡ್ತೀನಿ ಬಿಡವ್ವ."

"ಆಮೇಲೆ ಏನ್ ಮಾಡ್ತೀಯ, ಎಲ್ಲ ಆದ್ಮೇಲೆ? ಕೇಳಿಲ್ಲಿ. ಅವ್ಳ ಮುಂದೆ ಅನ್ನಬಾರ್ದು ಅಂತ ನುಂಗ್ಕೊಂಡು ಕೂತಿದ್ದೆ. ಅವ್ಳ ಹಾರ್ಟು ಹಂಗೈತೆ. ಬಿಡ್ತು ಅನ್ನು, ನಾಳೆ ಒಂದು ಹೆಚ್ಚುಕಮ್ಮಿ ಆಯ್ತು ಅಂದ್ರೆ ಆ ಎರಡು ಮಕ್ಳನ್ನ ಯಾರೋ ನೋಡ್ಕಳೋರು? ನಂಗೆ ಮಂಡಿ ಊರಿ ಏಳಕ್ಕಾಗಲ್ಲ. ಇನ್ನೊಂದು ಹೆಣ್ಣು ತರ್ಲೇಬೇಕಾಗ್ತದೆ. ಆಪರೇಷನ್ ಆದ ಗಂಡಿಗೆ ಯಾವನೋ ಹೆಣ್ಣು ಕೊಡ್ತಾನೆ? ಹೇಳು."

ಓಂಕಾರೇಶ ಫೋನು ಆರಿಸಲು ಹೆಬ್ಬೆರಳು ಒತ್ತುತ್ತಲೇ ಇದ್ದ. ಮರ ಹಿಡಿದು ಗಟ್ಟಿಯಾದ ಬೆರಳನ್ನು ಆ ಗಾಜು ಗುರುತಿಸಲಿಲ್ಲ. "ಹೇಳೋ, ಯಾವನ್ ಕೊಡ್ತಾನೆ?" ಎಂದು ಇನ್ನೊಂದು ಸಲ ಕೇಳಿಸಿದ ಮೇಲೆ ಅದು ಆರಿತು.

ಫೋಟೋ ಹೊಡೆಯುತ್ತೇನೆ ಎಂದ ಹುಡುಗಿ ತನ್ನ ಕಾಲುಂಗುರ ತಿರುಗಿಸುತ್ತ ಕೂತಳು. ಜವರಮ್ಮ ಮಡಿಲಿನ ಕೂಸನ್ನು ಸುಮ್ಮಸುಮ್ಮನೆ ತಟ್ಟತೊಡಗಿದಳು. ಪ್ರತಿಮಾ ತೊಡೆಯ ಮೇಲಿನ ಷರ್ಟನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಮಡಿಚಿದಳು. ಗಂಡ ಈಗ ಏನಾದರೂ ಅನ್ನುತ್ತಾನೆ, ಅವ್ವನ ಮಾತಿಗೆ ತಲೆ ಕೆಡಿಸ್ಕೋಬೇಡ ಅಂತಲಾದರೂ ಅನ್ನುತ್ತಾನೆ ಎಂದು ಕಾದಳು. ಅವನು ನೆಲ ನೋಡುತ್ತಿದ್ದ.

"ಓಂಕಾರೇಶ್ ಯಾರು? ಬನ್ನಿ" ಎಂದು ಒಳಗಿನಿಂದ ಕರೆದರು.

ಅವನು ಎದ್ದ. ಹಿಂದಕ್ಕೆ ನೋಡದೆ ಒಳಗೆ ಹೋದ. ಬಾಗಿಲು ಮುಚ್ಚಿತು.

ಜವರಮ್ಮ ಸರಿದು ಬಂದು ಪ್ರತಿಮಾಳ ಪಕ್ಕ ಬೆಂಚಿನ ಮೇಲೆ ಕೂತಳು. "ಹೋದ್ನಲ್ಲ ಬಿಡು. ಒಳಗೆ ಹೋದೋನು ಹೋದಂಗೇ. ಕಾಲ್ ಗಂಟೆ ಕೆಲ್ಸ ಅಂತೆ ಗಂಡಸ್ರಿಗೆ. ನಮ್ಗೇ ಎಲ್ಲ ಉದ್ದ" ಎಂದಳು. ಪ್ರತಿಮಾ ಉಸಿರನ್ನು ನಿಧಾನವಾಗಿ ಬಿಟ್ಟಳು. ಒಳಗೆ ಹೋಗಿದ್ದಾನೆ. ಅತ್ತೆ ಅಷ್ಟು ಅಂದರೂ ಒಳಗೆ ಹೋಗಿದ್ದಾನೆ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ಮೂರು ತಿಂಗಳು ಕಳೆದ ಮೇಲೆ ಒಂದು ಪರೀಕ್ಷೆ ಇದೆ ಎಂದಿದ್ದರು ಡಾಕ್ಟರು. ಅದೂ ಮುಗಿದರೆ ಬಚ್ಚಲಲ್ಲಿ ಗೋಡೆ ಹಿಡಿದು ಕೂರುವುದು ಇರುವುದಿಲ್ಲ. ಅವಳು ಜವರಮ್ಮನ ಕಡೆ ನೋಡಿ, ಅವತ್ತು ಮೊದಲ ಸಲ, ಸ್ವಲ್ಪ ನಕ್ಕಳು.

ಬಾಗಿಲು ತೆರೆಯಿತು. ಓಂಕಾರೇಶ ಹೊರಗೆ ಬಂದ. ಗೌನನ್ನು ಬಿಚ್ಚಿ ಕೈಯಲ್ಲಿ ಉಂಡೆ ಮಾಡಿ ಹಿಡಿದಿದ್ದ, ಸೊಂಟಕ್ಕೆ ಟವೆಲು, ಮೇಲೆ ಬನಿಯನ್ನು.

"ಬಟ್ಟೆ ಕೊಡು" ಎಂದ.

"ಆಯ್ತಾ?" ಎಂದಳು ಪ್ರತಿಮಾ. ಆಗಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

"ಲಿಂಗ ತೆಗೀರಿ ಅಂದ್ರು." ಅವನು ಬನಿಯನ್ನಿನ ಮೇಲೆ ಕೈಯಿಟ್ಟುಕೊಂಡ. ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಅಲ್ಲಿತ್ತು. "ಕೊರಳಲ್ಲಿರೋದೆಲ್ಲ ತೆಗೀಬೇಕಂತೆ. ಲಿಂಗ ಮೈಬಿಟ್ಟು ಹೆಂಗಿರಕ್ಕಾಗ್ತದೆ, ನೀನೇ ಹೇಳು. ಉಸಿರಿರೋವರ್ಗೂ ತೆಗೀಬಾರದು ಅಂತ ಅಯ್ಯನೋರು ಕಟ್ಟಿರೋದು. ಆಗಲ್ಲ ಅಂದು ಬಂದ್ಬಿಟ್ಟೆ."

ಅವನ ದನಿಯಲ್ಲಿ ಒಂದು ನಿರಾಳ ಇತ್ತು. ಯಾರೂ ತಳ್ಳಿಹಾಕಲಾರದ ಕಾರಣವೊಂದು ಸಿಕ್ಕಿದವನ ನಿರಾಳ. ಗೋಡೆಗೆ ಒರಗಿದ್ದ ಒಬ್ಬಿಬ್ಬರು ಹೆಂಗಸರು ತಲೆಯನ್ನೂ ಆಡಿಸಿದರು.

ಪ್ರತಿಮಾ ಎದ್ದು ನಿಂತಳು. "ನನ್ ಲಿಂಗ ಎಲ್ಲಿತ್ತು ಅವತ್ತು?"

"ಯಾವತ್ತು?"

"ಎರಡು ಸಲ ಒಳಗೆ ಮಲಗಿದ್ನಲ್ಲ. ನನ್ ಕೊರಳಿಂದೂ ತೆಗೆದ್ರು. ಮುಂಗೈಗೆ ಇಟ್ಟು ಬಟ್ಟೆ ಸುತ್ತಿದ್ರು. ಹೊರಗೆ ಬಂದಾಗ ಅದನ್ನ ಬಿಚ್ಚಿ ಕೊರಳಿಗೆ ಕಟ್ಟಿದ್ದು ಯಾರ್ರೀ? ನೀವೇ ತಾನೆ?"

ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಬಿಳಿ ಬ್ಯಾಂಡೇಜು ಬಟ್ಟೆಯ ಸುರುಳಿ ಇತ್ತು. "ಏನ್ರೀ ನೀವು, ಮಾತು ಮುಗಿಯೋಕೆ ಮುಂಚೆ ಎದ್ದು ಬಂದ್ಬಿಟ್ರಿ? ಕೈಗೆ ಕಟ್ತೀನಿ ಇರಿ ಅಂತ ಬಟ್ಟೆ ತರೋಕೆ ಹೋದ್ರೆ ಆಳೇ ಇಲ್ಲ. ಬನ್ನಿ, ಬನ್ನಿ, ಡಾಕ್ಟ್ರು ಕಾಯ್ತಾವ್ರೆ."

ಓಂಕಾರೇಶ ಆ ಬಟ್ಟೆಯನ್ನು ನೋಡಿದ. ಆಮೇಲೆ ಸಾಲಾಗಿ ಕೂತ ಹೆಂಗಸರನ್ನು ನೋಡಿದ. ಅವರೆಲ್ಲ ಅವನ ಕಡೆಯೇ ನೋಡುತ್ತಿದ್ದರು, ಈಗ ಯಾರೂ ನಗುತ್ತಿರಲಿಲ್ಲ. ಪ್ರತಿಮಾಳ ಕೈಯಿಂದ ಪ್ಯಾಂಟು ಷರ್ಟು ಕಿತ್ತುಕೊಂಡು, ಗೌನನ್ನು ಬೆಂಚಿನ ಮೇಲೆ ಎಸೆದು, ಅವನು ಮೆಟ್ಟಿಲಿಳಿದು ಹೋದ.

"ಹೋಗವ್ವ, ಹಿಂದೆ ಹೋಗು. ಕರ್ಕೊಂಬಾ" ಎಂದಳು ಜವರಮ್ಮ.

ಬೈಕು ನಿಲ್ಲಿಸುವ ಜಾಗದ ಹೊಂಗೆಮರದ ಹಿಂದೆ ಅವನು ಪ್ಯಾಂಟು ಹಾಕಿಕೊಂಡು, ಷರ್ಟಿನ ಗುಂಡಿ ಹಾಕುತ್ತಿದ್ದ. ಒಂದು ಗುಂಡಿ ತಪ್ಪಿ ಮೇಲಿನ ಕಾಜಕ್ಕೆ ಹೋಗಿತ್ತು.

"ಮರದ ಭಯಾನಾ?" ಎಂದಳು ಪ್ರತಿಮಾ. "ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ."

"ಅವ್ರಿಗೇನ್ ಗೊತ್ತು. ಅವ್ರು ಮರ ಹತ್ತವ್ರಾ?"

"ಬೆಳಿಗ್ಗೆ ನೀವೇ ಗೌನು ಇಸ್ಕೊಂಡ್ರಿ. ಆಗ ಇರಲಿಲ್ವಾ ಭಯ? ಫೋನ್ ಬಂದ್ಮೇಲೆ ಬಂತಾ?"

"ಅವ್ವನ್ನ ನಡುವೆ ತರಬೇಡ."

"ಅವ್ರೇ ಬಂದ್ರು. ನಾನ್ ಕರೀಲಿಲ್ಲ." ಅವಳಿಗೆ ಉಸಿರು ಕಟ್ಟಿತು. ಸ್ವಲ್ಪ ಹೊತ್ತು ಮರಕ್ಕೆ ಕೈಯಿಟ್ಟು ನಿಂತಳು. ಅವನು ಗಾಬರಿಯಿಂದ, "ಕೂತ್ಕೊ, ಕೂತ್ಕೊ ಸ್ವಲ್ಪ" ಎಂದು ತೋಳು ಹಿಡಿಯಲು ಬಂದ. ಅವಳು ಬಿಡಿಸಿಕೊಂಡಳು. "ಒಂದೇ ಒಂದು ಕೇಳ್ತೀನಿ. ಅತ್ತೆ ಅಂದಿದ್ದು ನಿಮಗೂ ಅನ್ನಿಸ್ತಾ? ಹೌದು ಅನ್ರಿ, ಇಲ್ಲ ಅನ್ರಿ."

ಓಂಕಾರೇಶ ತಪ್ಪಿದ ಗುಂಡಿಯನ್ನು ಬಿಚ್ಚಿದ.

"ಹಂಗಲ್ಲ ಕಣೇ" ಎಂದ. "ಮಕ್ಳಿಗೆ ಒಬ್ರು ಬೇಕಲ್ಲ ಅಂತ."

ಅವನು ಅದನ್ನು ಮೆತ್ತಗೆ, ಅವಳ ಒಳ್ಳೆಯದಕ್ಕೆಂಬಂತೆ ಹೇಳಿದ. ಹೇಳಿದ ಮೇಲೆ ಅವನಿಗೇ ಕೇಳಿಸಿರಬೇಕು, ತಲೆ ಎತ್ತಲಿಲ್ಲ. ಪ್ರತಿಮಾ ಅವನನ್ನು ನೋಡುತ್ತ ನಿಂತಳು. ತಾನು ಇಲ್ಲದ ಮನೆಯನ್ನು ಅವನು ಆಗಲೇ ಒಂದು ಸಲ ಒಳಹೊಕ್ಕು ನೋಡಿ ಬಂದಿದ್ದಾನೆ ಅನ್ನಿಸಿತು. ಅಲ್ಲಿ ಒಲೆ ಉರಿಯುತ್ತಿತ್ತು, ಅಕ್ಷತಾಳಿಗೆ ಯಾರೋ ಜಡೆ ಹಾಕುತ್ತಿದ್ದರು.

"ನಡೀರಿ, ಬಸ್ ಸಿಗಲ್ಲ" ಎಂದಳು.

ಬೀರೂರಿನವರೆಗೆ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ಬೀರೂರಿನಲ್ಲಿ ಊರ ಬಸ್ಸಿಗೆ ಕಾಯುವಾಗ ಅವನು ಟೀ ತಂದುಕೊಟ್ಟ, ಮಕ್ಕಳಿಗೆ ಖಾರಾಬೂಂದಿ ಕಟ್ಟಿಸಿದ. "ಬರೋ ತಿಂಗಳೂ ಕ್ಯಾಂಪು ಐತಂತೆ. ನೋಡಾಣ. ಅಷ್ಟೊತ್ತಿಗೆ ಅವ್ವಂಗೂ ಒಂದು ಮಾತು ಹೇಳಿ..." ಎಂದು ಅರ್ಧಕ್ಕೆ ಬಿಟ್ಟ. ಪ್ರತಿಮಾ ಟೀ ಕುಡಿದು ಲೋಟ ಅಂಗಡಿಯ ಕಟ್ಟೆಯ ಮೇಲಿಟ್ಟಳು.

ಊರಿಗೆ ಬಂದಾಗ ಹಾಲಿನ ಡೇರಿಯ ಮುಂದೆ ಜನ ಸೇರಿತ್ತು. ಶಂಕರಮ್ಮ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ದಾರಿಯಲ್ಲಿ ಬರುತ್ತಿದ್ದ ಮಗನ ನಡಿಗೆ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಏನೂ ಕೇಳಲಿಲ್ಲ. "ಕೈಕಾಲು ತೊಳ್ಕೊಳ್ರಿ. ಮುದ್ದೆ ತಿರುವಿ ಇಟ್ಟಿದೀನಿ, ಅವರೆಕಾಳು ಸಾರು" ಎಂದಳು. ಸೊಸೆಯ ಮುಖ ಮಾತ್ರ ನೋಡಲಿಲ್ಲ.

ಪ್ರತಿಮಾ ಕೈಕಾಲು ತೊಳೆದಳು. ಮಕ್ಕಳಿಗೆ ಊಟ ಹಾಕಿದಳು, ಹಸುವಿಗೆ ಹುಲ್ಲು ಹಾಕಿದಳು. ಆಮೇಲೆ ಕೋಣೆಗೆ ಹೋಗಿ ತನ್ನ ಚಾಪೆ, ದಿಂಬು, ಕಂಬಳಿ ಎತ್ತಿಕೊಂಡು ಬಂದು, ನಡುಮನೆಯಲ್ಲಿ ಅತ್ತೆ ಮಲಗುವ ಜಾಗದ ಪಕ್ಕಕ್ಕೆ ಹಾಸತೊಡಗಿದಳು. ಇನ್ನೂ ಬೆಳಕಿತ್ತು. ಮುಂಬಾಗಿಲು ತೆರೆದೇ ಇತ್ತು. ಡೇರಿಯಿಂದ ಕ್ಯಾನು ಹಿಡಿದು ಬರುತ್ತಿದ್ದ ಹೆಂಗಸರಿಗೆ ಎಲ್ಲ ಕಾಣುತ್ತಿತ್ತು.

"ಏನೇ ಇದು, ಮೂರ್ಸಂಜೆಲಿ ಹಾಸಿಗೆ?" ಶಂಕರಮ್ಮ ಹೊಸ್ತಿಲು ಹಿಡಿದು ಒಳಗೆ ಬಂದಳು. "ಮೈಗೆ ಸರಿಯಿಲ್ವಾ?"

"ಸರಿಯಾಗೈತೆ ಅತ್ತೆ. ಹಂಗೇ ಇರ್ಲಿ ಅಂತ. ಇನ್ಮೇಲೆ ನಾನು ಇಲ್ಲೇ ಮಲಗೋದು, ನಿಮ್ ಪಕ್ಕ."

"ಮಕ್ಳು?"

"ಅವರಪ್ಪನ ಹತ್ರ ಮಲಗ್ತಾರೆ."

"ಎಷ್ಟು ದಿನ?"

"ನಿಮ್ ಮಗ ತರೀಕೆರೆಗೆ ಹೋಗಿ, ಮಾಡಿಸ್ಕೊಂಡು ಬರೋವರ್ಗೂ."

ಶಂಕರಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೋಡ್ದೋರು ಏನಂದಾರು? ಗಂಡ ಇರೋ ಹೆಣ್ಣು ಅತ್ತೆ ಪಕ್ಕ ಮಲಗಿದ್ರೆ?"

"ಫೋನಲ್ಲಿ ನೀವು ಅಂದಿದ್ದನ್ನ ಒಂದು ವರಾಂಡ ಹೆಂಗಸ್ರು ಕೇಳಿಸ್ಕೊಂಡ್ರು ಅತ್ತೆ. ಇದನ್ನೂ ನಾಲ್ಕು ಜನ ನೋಡ್ಲಿ."

ಶಂಕರಮ್ಮ ಗೋಡೆಗೆ ಕೈಯಿಟ್ಟು ನಿಂತಳು. "ಎಲ್ರೂ ಕೇಳ್ದ್ರಾ?" ಎಂದು ಕೇಳಿದಳು. ಪ್ರತಿಮಾ ಕಂಬಳಿ ಕೊಡವಿ ಹಾಸಿದಳು. ಕೋಣೆಯ ಬಾಗಿಲಲ್ಲಿ ಓಂಕಾರೇಶ ಬಂದು ನಿಂತಿದ್ದ. ಅವನ ಕೈಹಿಡಿದು ಮಗ, "ಅಮ್ಮ ಯಾಕೆ ಅಲ್ಲಿ?" ಎಂದು ಕೇಳುತ್ತಿದ್ದ.

ಶಂಕರಮ್ಮ ಕೆಳಗೆ ಕೂತಳು. ಮಂಡಿ ಮಡಿಚಲಾಗದೆ ಒಂದು ಕಾಲನ್ನು ಮೊದಲು ಚಾಚಿ, ಆಮೇಲೆ ಇನ್ನೊಂದನ್ನು ಚಾಚಿದಳು. ಕೂತಲ್ಲಿಂದಲೇ ತನ್ನ ಚಾಪೆಯನ್ನು ಎರಡು ಕೈಯಲ್ಲಿ ಹಿಡಿದು ಗೋಡೆಯ ಕಡೆಗೆ ಎಳೆದುಕೊಂಡಳು. ಸೊಸೆಗೆ ಜಾಗ ಆಯಿತು.

ಮುಂದಿನ ತಿಂಗಳ ಕ್ಯಾಂಪಿಗೆ ಓಂಕಾರೇಶ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಶಿವಮೊಗ್ಗದಲ್ಲಿ ಕೊಟ್ಟ ಮಾತನ್ನು ಅವನು ನಡೆಸಲಿಲ್ಲ.